ರಜಾಕಾರ್ ಗಲಾಟ್ಯಾಗ ಹುಟ್ಟಿದವರು

ನಮ್ಮ ಬೀದರ್ ಕಡೆ ಹಳೇ ಮಂದಿಗೆ ವಯಸ್ಸು ಕೇಳಿದರೆ ಇಸವಿ ಹೇಳುತ್ತಿರಲಿಲ್ಲ. "ರಜಾಕಾರ್ ಗಲಾಟ್ಯಾಗ ನಾ ತೊಟ್ಟಲದಾಗಿದ್ದೆ" ಅನ್ನೋರು. "ಪೋಲೀಸ್ ಆಕ್ಷನ್ ಆದ ವರ್ಷ ನಮ್ಮಣ್ಣಂದು ಲಗ್ನ ಆತು" ಅನ್ನೋರು. ಸಣ್ಣವನಿದ್ದಾಗ ಇವೆರಡೂ ಬರಗಾಲ, ಪ್ಲೇಗು ಇದ್ದ ಹಾಗೆ ಯಾವುದೋ ರೋಗದ ಹೆಸರು ಅಂದುಕೊಂಡಿದ್ದೆ. ಬೆಂಗಳೂರಿಗೆ ಓದಲಿಕ್ಕೆ ಬಂದ ಮೇಲೆ, ಹಾಸ್ಟೆಲಿನಲ್ಲಿ ಮೈಸೂರು ಕಡೆಯ ಗೆಳೆಯನೊಬ್ಬ "ಹಾಗಂದ್ರೆ ಏನೋ?" ಅಂತ ಕೇಳಿದಾಗ ಹೊಳೆಯಿತು, ಒಂದೇ ರಾಜ್ಯದಲ್ಲಿದ್ದರೂ ನಮ್ಮ ಕ್ಯಾಲೆಂಡರೇ ಬೇರೆ ಅಂತ.

ಇದನ್ನ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಪ್ರತಿ ಸೆಪ್ಟೆಂಬರ್ 17 ಬಂದಾಗ ನೆನಪಾಗುತ್ತೆ, ಪ್ರತಿ ಸಲ ಮುಂದೂಡುತ್ತೇನೆ. ಯಾಕೆ ಮುಂದೂಡುತ್ತಿದ್ದೆ ಅನ್ನೋದು ಈ ಬರಹದ ಕೊನೆಗೆ ನಿಮಗೂ ತಿಳಿಯಬಹುದು.

ಮೊದಲು ಸ್ವಲ್ಪ ಇತಿಹಾಸ, ಗೊತ್ತಿದ್ದವರು ಕ್ಷಮಿಸಿ. 1947ರ ಆಗಸ್ಟ್ 15ರಂದು ಧಾರವಾಡದಲ್ಲಿ, ಬಳ್ಳಾರಿಯಲ್ಲಿ ಬಾವುಟ ಹಾರಿದಾಗ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ ಹಾರಲಿಲ್ಲ. ಅವು ಹೈದರಾಬಾದ್ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಮೂರು. ಸಂಸ್ಥಾನದಲ್ಲಿ ಒಂದೂವರೆ ಕೋಟಿಗಿಂತ ಹೆಚ್ಚು ಜನ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹಿಂದೂಗಳು, ಆಳುವವನು ಮೀರ್ ಉಸ್ಮಾನ್ ಅಲಿ ಖಾನ್. ಆತ ಭಾರತಕ್ಕೂ ಸೇರಲ್ಲ, ಪಾಕಿಸ್ತಾನಕ್ಕೂ ಸೇರಲ್ಲ, ಸ್ವತಂತ್ರವಾಗಿರ್ತೀನಿ ಅಂದ. 1947ರ ನವೆಂಬರ್ 29ರಂದು ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಆ ಒಪ್ಪಂದ ವರ್ಷ ತುಂಬುವ ತನಕ ಬಾಳಲಿಲ್ಲ. ನಮ್ಮ ಕಡೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ, ಲೆಕ್ಕ ಹಾಕಿದರೆ 399 ದಿನ ತಡವಾಗಿ. ಆ 399 ದಿನಗಳಲ್ಲಿ ಮತ್ತು ಅದರ ಮುಂದಿನ ಕೆಲವು ವಾರಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಮಕ್ಕಳಾಗಿದ್ದವರು ಏನೇನು ಕಂಡರು ಅನ್ನೋದೇ ನನ್ನ ವಿಷಯ.

ಆ ಕಾಲದ ಹಳ್ಳಿಯ ಮಗುವಿನ ಜಗತ್ತು ಹೇಗಿತ್ತು? ಕೈಯಲ್ಲಿ ಹಾಲಿ ಸಿಕ್ಕಾ ರೂಪಾಯಿ. ಇದರ ಏಳು ರೂಪಾಯಿ ಕೊಟ್ಟರೆ ಸೊಲ್ಲಾಪುರದ ಕಡೆಯ ಆರು ರೂಪಾಯಿ ಸಿಗುತ್ತಿತ್ತು. ದಾಖಲೆಗಳಲ್ಲಿ ಫಸಲಿ ವರ್ಷ (ನಾವು 1948 ಅನ್ನೋದು ಅವರಿಗೆ 1357ನೇ ಫಸಲಿ). ಮನೆಯಲ್ಲಿ ಕನ್ನಡ, ಪಕ್ಕದೂರಲ್ಲಿ ಮರಾಠಿ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ಶಾಲೆ ಇದ್ದ ಊರೇ ಕಡಿಮೆ, ಇದ್ದರೂ ಮೇಲಿನ ತರಗತಿ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕೂಡ ಉರ್ದು ಮಾಧ್ಯಮದ್ದೇ. ಕನ್ನಡ ಕಲಿಸಲಿಕ್ಕೆ ಖಾಸಗಿ ಶಾಲೆ ತೆಗೀಬೇಕಂದ್ರೆ ಸರ್ಕಾರದ ಅಪ್ಪಣೆ, ಸಭೆ ಮಾಡಬೇಕಂದ್ರೂ ಅಪ್ಪಣೆ. ಗುಲ್ಬರ್ಗದ ನೂತನ ವಿದ್ಯಾಲಯ (1907), ರಾಯಚೂರಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇವೆಲ್ಲ ಅಂಥ ಕಾಲದಲ್ಲಿ ಉಳಿದು ಬಂದವು. ಹಮ್‌ದರ್ದ್ ಅನ್ನೋ ಉರ್ದು ಪದಕ್ಕೆ ಇನ್ನೊಬ್ಬರ ನೋವನ್ನು ತನ್ನದಾಗಿ ಉಣ್ಣುವವ ಅಂತ ಅರ್ಥ. ಶಾಲೆಗೆ ಎಂಥ ಹೆಸರು ನೋಡಿ! 1951ರ ಜನಗಣತಿ ಹೊತ್ತಿಗೂ ಸಂಸ್ಥಾನದಲ್ಲಿ ನೂರರಲ್ಲಿ ಹತ್ತು ಜನಕ್ಕೂ ಓದು ಬರಹ ಇರಲಿಲ್ಲ.

ಹಾಗಂತ ಊರುಗಳು ಎರಡು ಹೋಳಾಗಿ ಬದುಕುತ್ತಿದ್ದವು ಅಂತ ಯಾರೂ ತಿಳೀಬಾರದು. ಮೊಹರಮ್ಮಿನಲ್ಲಿ ಅಲಾಯಿ ದೇವರು ಕೂರಿಸಿದರೆ ಇಡೀ ಊರು ಹೆಜ್ಜೆ ಹಾಕುತ್ತಿತ್ತು, ಕರ್ಬಲಾದ ಕತೆಯನ್ನ ರಿವಾಯತ್ ಪದಗಳಲ್ಲಿ ಕನ್ನಡದಲ್ಲೇ ಹಾಡುತ್ತಿದ್ದರು. ಬೀದರ್ ಪಕ್ಕದ ಅಷ್ಟೂರಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟ ಇದೆ. ಅಲ್ಲಿಯ ಉರುಸಿಗೆ ಆಳಂದ ಕಡೆಯ ಮಾಡ್ಯಾಳದಿಂದ ಒಬ್ಬ ಜಂಗಮರು ಬಂದು ಮುಂದೆ ನಿಲ್ಲುತ್ತಾರೆ. ನಮ್ಮವರಿಗೆ ಆ ಸುಲ್ತಾನ ಅಲ್ಲಮಪ್ರಭು. ತಿಂಥಣಿ ಮೌನೇಶ್ವರನಿಗೆ ನಡೆದುಕೊಳ್ಳುವ ಮುಸ್ಲಿಮರೂ ಇದ್ದರು, ಇದ್ದಾರೆ. ಬಡತನ ಎಲ್ಲರಿಗೂ ಒಂದೇ ಥರ ಇತ್ತು. ಜಹಗೀರು, ಪೈಗಾ ಅಂತ ಭೂಮಿ ದೊಡ್ಡವರ ಕೈಯಲ್ಲಿತ್ತು (ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿತ್ತು). ಎರಡನೇ ಮಹಾಯುದ್ಧದ ಕಾಲದಿಂದ ಲೆವಿ ಅಂತ ಜೋಳ ಅಳೆದು ಒಯ್ಯುತ್ತಿದ್ದರು. ಅಳೆಯೋನು ಹಿಂದೂ ಪಟವಾರಿಯೂ ಇರಬಹುದು, ಮುಸ್ಲಿಂ ಅಮಲ್ದಾರನೂ ಇರಬಹುದು. ಹೊಟ್ಟೆಗೆ ಅದರಿಂದ ವ್ಯತ್ಯಾಸ ಆಗುತ್ತಿರಲಿಲ್ಲ.

ಇಂಥ ಊರುಗಳಿಗೆ ರಜಾಕಾರರು ಬಂದರು. 1927ರಲ್ಲಿ ಹುಟ್ಟಿದ ಮಜ್ಲಿಸ್ ಇತ್ತೆಹಾದುಲ್ ಮುಸಲ್ಮೀನ್ ಸಂಘಟನೆಯ ಸ್ವಯಂಸೇವಕ ಪಡೆ ಅದು. ಬಹಾದುರ್ ಯಾರ್ ಜಂಗ್ 1944ರಲ್ಲಿ ತೀರಿಕೊಂಡ ಮೇಲೆ ಮುಂದೆ ಅದರ ಚುಕ್ಕಾಣಿ ಲಾತೂರಿನ ವಕೀಲ ಕಾಸಿಂ ರಜ್ವಿ ಕೈಗೆ ಬಂತು. ಖಾಕಿ ಬಟ್ಟೆ, ಕವಾಯತು, ಭರ್ಚಿ, ಬಂದೂಕು. ಸರ್ಕಾರದ ಪೋಲೀಸರು ಕಣ್ಣು ಮುಚ್ಚಿಕೊಂಡರು, ಕೆಲವು ಕಡೆ ಜೊತೆಗೇ ಬಂದರು. ಕಾಂಗ್ರೆಸ್ಸಿನವರನ್ನ ಇಟ್ಟುಕೊಂಡ ಊರು, ಬಾವುಟ ಹಾರಿಸಿದ ಊರು, ಲೆವಿ ಕೊಡದ ಊರು... ಒಂದೊಂದೇ ಊರಿಗೆ ಬೆಂಕಿ ಬಿತ್ತು. ಬಸವಕಲ್ಯಾಣದ ಹತ್ತಿರ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ಸತ್ತವರು ಸುಮಾರು 200 ಅಂತ ಆ ಕಡೆಯವರು ಹೇಳುತ್ತಾ ಬಂದಿದ್ದಾರೆ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಅದಕ್ಕೆ ಹೆಸರು. ಅಲ್ಲಿ ಸ್ಮಾರಕ ಉದ್ಘಾಟನೆ ಆದದ್ದು 2023ರ ಮಾರ್ಚಿನಲ್ಲಿ, ಎಪ್ಪತ್ತೈದು ವರ್ಷ ಆಗುತ್ತಾ ಬಂದಾಗ.

ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಹುಟ್ಟಿದ್ದು 1942ರಲ್ಲಿ. ಅವರ ತಾಯಿ ಮತ್ತು ತಂಗಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತೀರಿಕೊಂಡರು ಅನ್ನೋದನ್ನ ಅವರ ಮಗ ಪ್ರಿಯಾಂಕ್ ಖರ್ಗೆ ಪತ್ರಕರ್ತರಿಗೆ ಹೇಳಿದ್ದು 2022ರಲ್ಲಿ. ತಂದೆ ಹೊಲದಲ್ಲಿದ್ದರಂತೆ, ಓಡಿಬಂದು ಮಗನೊಬ್ಬನನ್ನ ಉಳಿಸಿಕೊಂಡರಂತೆ. ಆಮೇಲೆ ಅಪ್ಪ ಮಗ ಗುಲ್ಬರ್ಗ ಸೇರಿದರು, ಅಪ್ಪನಿಗೆ ಅಲ್ಲಿ ಗಿರಣಿ ಕೆಲಸ. ಅಷ್ಟು ವರ್ಷ ಸಾರ್ವಜನಿಕ ಜೀವನದಲ್ಲಿದ್ದ ಮನುಷ್ಯ ಈ ಕತೆಯನ್ನ ಓಟಿಗಾಗಿ ಹೇಳಿಕೊಂಡು ತಿರುಗಲಿಲ್ಲ. ರಾಜಕೀಯ ಬಿಡಿ, ನನಗೆ ಇದರಲ್ಲಿ ಕಾಣೋದು ನಮ್ಮ ಕಡೆಯ ಆ ತಲೆಮಾರಿನ ಗುಣ. ಬಾಯಿ ಬಿಡೋದಿಲ್ಲ.

ಓಡಲು ಸಾಧ್ಯ ಇದ್ದವರು ಗಡಿ ದಾಟಿದರು. ಸೊಲ್ಲಾಪುರ, ಬಿಜಾಪುರ, ಗದಗ, ಬಳ್ಳಾರಿ ಆಗ "ಇಂಗ್ರೇಜಿ ಸೀಮೆ". ರಾತ್ರಿ ಎತ್ತಿನ ಗಾಡಿ ಕಟ್ಟಿ, ಎತ್ತಿನ ಕೊರಳಗಂಟೆ ಬಿಚ್ಚಿಟ್ಟು ಹೋದರು ಅಂತ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಗಡಿಯ ಆಚೆ ಶಿಬಿರಗಳಿದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದ್ದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದ್ದು. ಅಲ್ಲಿಂದ ಹುಡುಗರು ಒಳಗೆ ನುಗ್ಗಿ ನಾಕಾಗಳ ಮೇಲೆ ದಾಳಿ ಮಾಡಿ ಬರುತ್ತಿದ್ದರು. ಇಡೀ ಚಳವಳಿಗೆ ಹಿರಿಯರು ಸ್ವಾಮಿ ರಮಾನಂದ ತೀರ್ಥರು, ಅವರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ.

ಈಗ ನಮ್ಮ ಆಯಿ (ಅಜ್ಜಿ) ಕತೆ. ಆಕೆಗೆ ಆಗ ಒಂಬತ್ತು ವರ್ಷ ಇದ್ದಿರಬೇಕು. ಅವರ ತವರು ಭಾಲ್ಕಿ ಕಡೆ ಒಂದು ಸಣ್ಣ ಹಳ್ಳಿ. ಬೇಸಿಗೆಯಲ್ಲಿ ಒಂದು ದಿನ, ಪಕ್ಕದ ಊರಿಗೆ ಬೆಂಕಿ ಬಿದ್ದ ಹೊಗೆ ಕಾಣಿಸಿದಾಗ ಮನೆಯ ಮಕ್ಕಳನ್ನ ಹಗೇವಿನಲ್ಲಿ ಇಳಿಸಿದರಂತೆ. ಹಗೇವು ಗೊತ್ತಲ್ಲ? ಜೋಳ ತುಂಬಿಡುವ ನೆಲದಾಳದ ಗುಂಡಿ, ಮೇಲೆ ಮನುಷ್ಯ ಇಳಿಯುವಷ್ಟೇ ಬಾಯಿ. ಮುಚ್ಚಿಟ್ಟ ಹಗೇವಿಗೆ ಸೀದಾ ಯಾರೂ ಇಳಿಯೋದಿಲ್ಲ. ಬಾಯಿ ತೆಗೆದು, ಗಾಳಿ ಆಡಲಿಕ್ಕೆ ಬಿಟ್ಟು, ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇಳಿಯಬಾರದು, ಒಳಗೆ ಉಸಿರು ನಿಲ್ಲುತ್ತೆ. ಆ ದಿನ ಕಂದೀಲು ಇಳಿಸಿದಾಗ ದೀಪ ಆರಲಿಲ್ಲವಂತೆ. "ಲೆವಿಗಿ ಜ್ವಾಳ ಒಯ್ದಿದ್ರಲ್ಲ, ಹಗೇವು ಖಾಲಿ ಇತ್ತು, ಅದಕ್ಕ ನಾವು ಉಳಿದ್ವಿ ನೋಡಪಾ" ಅಂತ ಆಯಿ ನಗುತ್ತಿದ್ದಳು. ಐದು ಮಕ್ಕಳು ಕತ್ತಲಲ್ಲಿ, ಕೆಮ್ಮಿದರೆ ಬಾಯಿಗೆ ಸೆರಗು. ಸಂಜೆ ತನಕ ಇದ್ದರಂತೆ. ರಜಾಕಾರರು ಆ ಊರಿಗೆ ಬರಲಿಲ್ಲ, ದಾರಿ ಬದಲಿಸಿದರು.

ಈ ಕತೆಯನ್ನ ಆಯಿ ನೂರು ಸಲ ಹೇಳಿದ್ದಾಳೆ. ನಾನು ಕಾಲೇಜಿನಲ್ಲಿದ್ದಾಗ ವಾರ್ಷಿಕ ಸಂಚಿಕೆಗೆ ಇದನ್ನೇ ಬರೆದೆ, ಬಹುಮಾನ ಕೂಡ ಬಂತು. ಕತೆ ಅಲ್ಲಿಗೆ ಮುಗೀತು ಅಂತಲೇ ಬರೆದಿದ್ದೆ. ಭಾರತದ ಸೈನ್ಯ ಬಂತು, ಎಲ್ಲ ಸರಿಹೋಯಿತು!

ಸೈನ್ಯ ಬಂದದ್ದು ನಿಜ. 1948ರ ಸೆಪ್ಟೆಂಬರ್ 13ರ ಬೆಳಿಗ್ಗೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ದಾರಿ ಹಿಡಿದು ಮುಖ್ಯ ಪಡೆ ಹೊರಟಿತು, ಬೇರೆ ದಿಕ್ಕುಗಳಿಂದಲೂ ಪಡೆಗಳು ಒಳಬಂದವು. ಐದು ದಿನಕ್ಕೆ ಮುಗೀತು. 17ಕ್ಕೆ ನಿಜಾಮ ಕದನ ನಿಲ್ಲಿಸಿದ, ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ಹೆಸರು ಮಾತ್ರ ಪೋಲೀಸ್ ಆಕ್ಷನ್, ಬಂದಿದ್ದು ಟ್ಯಾಂಕುಗಳು. ಆಮೇಲೆ ನಿಜಾಮ ರಾಜಪ್ರಮುಖನಾಗಿ 1956ರ ತನಕ ಅರಮನೆಯಲ್ಲೇ ಇದ್ದ. ಕಾಸಿಂ ರಜ್ವಿ ಜೈಲಲ್ಲಿದ್ದು 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ದೊಡ್ಡವರ ಲೆಕ್ಕ ಹೀಗೆ ಚುಕ್ತಾ ಆಯಿತು. ಹಳ್ಳಿಯಲ್ಲಿ ಲೆಕ್ಕ ಬೇರೆ ಥರ ಚುಕ್ತಾ ಮಾಡಿದರು.

ಆ ವರ್ಷದ ಕೊನೆಗೆ ಭಾರತ ಸರ್ಕಾರ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಒಂದು ಸಮಿತಿ ಕಳಿಸಿತು. ನವೆಂಬರ್ 29ರಿಂದ ಡಿಸೆಂಬರ್ 21ರ ತನಕ ಅವರು ಒಂಬತ್ತು ಜಿಲ್ಲೆ ಸುತ್ತಿ, 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನ ಮಾತಾಡಿಸಿದರು. ಪೋಲೀಸ್ ಆಕ್ಷನ್ ಸಮಯದಲ್ಲಿ ಮತ್ತು ಆಮೇಲೆ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಅಂತ ಅವರ ಅಂದಾಜು. ಹೆಚ್ಚು ಕಡಿಮೆ ಎಲ್ಲರೂ ಮುಸ್ಲಿಮರು. ಎಲ್ಲಕ್ಕಿಂತ ಕೆಟ್ಟದಾಗಿ ನಡೆದದ್ದು ನಾಲ್ಕು ಜಿಲ್ಲೆಗಳಲ್ಲಿ. ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗ, ಬೀದರ್. ಈ ನಾಲ್ಕರಲ್ಲೇ ಕಡಿಮೆಯೆಂದರೂ 18,000. ರಜಾಕಾರರ ಹಾವಳಿ ಅತಿ ಹೆಚ್ಚಾಗಿದ್ದದ್ದೂ ಇದೇ ನಾಲ್ಕರಲ್ಲಿ ಅಂತ ಅದೇ ವರದಿ ಹೇಳುತ್ತೆ. ಗಡಿಯಾಚೆಯಿಂದ ಆಯುಧ ಹಿಡಿದು ಬಂದವರಿದ್ದರು, ಕೆಲವು ಕಡೆ ಸಿಪಾಯಿಗಳೇ ಲೂಟಿಗೆ ಹುರಿದುಂಬಿಸಿದರು ಅಂತಲೂ ಇದೆ. ಆದರೆ ರಜಾಕಾರರಾಗಿದ್ದವರು ಬಹಳಷ್ಟು ಜನ ಆಗಲೇ ಓಡಿಹೋಗಿದ್ದರು. ಸಿಕ್ಕವರು ಯಾರು? ಪಿಂಜಾರರು, ನೇಕಾರರು, ಕಟುಕರು, ಬಡ ರೈತರು. ಓಡಿಹೋಗಲಿಕ್ಕೆ ಬೇರೆ ಊರೇ ಗೊತ್ತಿಲ್ಲದವರು.

ಈ ವರದಿಯನ್ನ ಸರ್ಕಾರ ಪ್ರಕಟಿಸಲಿಲ್ಲ. ತುಣುಕುಗಳು 1988ರಲ್ಲಿ ಒಂದು ಪುಸ್ತಕದಲ್ಲಿ ಬಂದವು, 2013ರಲ್ಲಿ ಎ.ಜಿ. ನೂರಾನಿಯವರ ಪುಸ್ತಕದ ಜೊತೆ ಮತ್ತೆ ಅಚ್ಚಾಯಿತು. ಈ ಲೆಕ್ಕವನ್ನ ಒಪ್ಪದವರೂ ಇದ್ದಾರೆ, ಮೂರು ವಾರದಲ್ಲಿ ಕೇಳಿ ಬರೆದ ಅಂದಾಜು ತಾನೇ ಅಂತ. ಇರಲಿ. ಅರ್ಧಕ್ಕೆ ಅರ್ಧ ಕಡಿಮೆ ಮಾಡಿದರೂ ಎಷ್ಟಾಗುತ್ತೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ.

ವರದಿಯಲ್ಲಿ ಇನ್ನೊಂದು ಮಾತು ಇದೆ, ಅದನ್ನೂ ಹೇಳಬೇಕು. ಹಿಂದೂಗಳು ಜೀವ ಪಣಕ್ಕಿಟ್ಟು ನೆರೆಯವರನ್ನ ಉಳಿಸಿದ ಉದಾಹರಣೆಗಳು ಬಹಳ ಸಿಕ್ಕವು ಅಂತ. ಅದರಲ್ಲೂ ಒಂದೇ ಕಸುಬಿನವರ ನಡುವೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತು, ತಾವೇ ಸತ್ತದ್ದೂ ಇದೆ. ಆಚೆ ಕಡೆಯೂ ಇಂಥವರಿದ್ದರು. "ಇಮ್ರೋಜ್" ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರ ವಿರುದ್ಧ ಬರೆದರು ಅಂತ 1948ರ ಆಗಸ್ಟ್ 21ರ ರಾತ್ರಿ ಅವರ ಕೈ ಕಡಿದು ಕೊಂದರು. ಸೈನ್ಯ ಬರಲು ಇನ್ನು ಮೂರೇ ವಾರ ಇತ್ತು.

ಈಗ ಆಯಿಯ ಎರಡನೇ ಕತೆ. ಇದನ್ನ ಆಕೆ ನನಗೆ ಹೇಳಿದ್ದು ಒಂದೇ ಒಂದು ಸಲ.

ನಮ್ಮ ಮನೆಯಲ್ಲಿ ಒಂದು ತಾಮ್ರದ ಹಂಡೆ ಇದೆ. ಆಯಿ ಮದುವೆಯಾಗಿ ಬರುವಾಗ ತವರಿಂದ ತಂದದ್ದು. ಚಿಕ್ಕಂದಿನಲ್ಲಿ ಅದರಲ್ಲೇ ನೀರು ಕಾಯಿಸಿ ನಮಗೆಲ್ಲ ಸ್ನಾನ. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಉರ್ದು ಅಕ್ಷರ ಕೆತ್ತಿದೆ. ನಮ್ಮ ಅಜ್ಜ ಉರ್ದು ಕಲಿತವರು, ಲೆಕ್ಕ ಪತ್ರ ಎಲ್ಲ ಉರ್ದುವಿನಲ್ಲೇ ಬರೆಯುತ್ತಿದ್ದರು. ಆ ಕಾಲದಲ್ಲಿ ಹಿಂದೂಗಳ ಮನೆ ಪಾತ್ರೆ ಮೇಲೂ ಉರ್ದು ಇದ್ದರೆ ವಿಶೇಷ ಏನಲ್ಲ. ಹಾಗಾಗಿ ನಾನು ಯಾವತ್ತೂ ಕೇಳಿರಲಿಲ್ಲ. ಆಯಿಗೆ ಹುಷಾರಿಲ್ಲದಾಗ ಒಂದು ಸಲ ಊರಿಗೆ ಹೋಗಿದ್ದೆ. ಹಂಡೆ ಅಟ್ಟದ ಮೇಲಿತ್ತು, ಮಾರಿಬಿಡೋಣ ಅಂತ ಮನೆಯಲ್ಲಿ ಮಾತು ಬಂತು. ಆಯಿ ಮಲಗಿದಲ್ಲಿಂದಲೇ "ಅದು ಮಾರಬ್ಯಾಡ್ರಿ, ಅದು ನಮ್ದಲ್ಲ" ಅಂದಳು.

ಅವರ ಓಣಿಯ ಕೊನೆಗೆ ಒಂದು ಪಿಂಜಾರರ ಮನೆ ಇತ್ತಂತೆ. ಗಾದಿ ತುಂಬೋರು, ಅರಳೆ ಬಡಿಯೋರು. ಆ ಮನೆಯ ಹುಡುಗಿ ಆಯಿಯ ಓರಗೆಯವಳು, ಜೊತೆಗೆ ಕುಂಟಬಿಲ್ಲೆ ಆಡೋಳು. ಬೇಸಿಗೆಯಲ್ಲಿ ಹಗೇವಿಗೆ ಇಳಿಸಿದ ಐದು ಮಕ್ಕಳಲ್ಲಿ ಆಕೆಯೂ ಒಬ್ಬಳು! "ಆಕಿ ಯಾಕ ಇಳೀಬೇಕಿತ್ತು, ಅವರು ಆಕಿಗೇನ್ ಮಾಡ್ತಿರ್ಲಿಲ್ಲ. ಆದ್ರ ನಾವು ಇಳದ್ವಿ ಅಂತ ಆಕೀನೂ ಇಳದ್ಳು." ನೂರು ಸಲ ಕೇಳಿದ ಕತೆಯಲ್ಲಿ ಈ ಐದನೆಯ ಮಗು ಯಾರು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ, ಸೈನ್ಯ ಹಾದುಹೋದ ಕೆಲವು ದಿನಕ್ಕೆ, ಒಂದು ರಾತ್ರಿ ಗದ್ದಲ ಆಯಿತಂತೆ. ದೊಡ್ಡವರು ಮಕ್ಕಳನ್ನ ಒಳಗೆ ಹಾಕಿ ಚಿಲಕ ಹಾಕಿದರು. ಬೆಳಿಗ್ಗೆ ಪಿಂಜಾರರ ಮನೆ ಬಾಗಿಲು ತೆರೆದೇ ಇತ್ತು, ಒಳಗೆ ಅರಳೆ ಹಾರಾಡುತ್ತಿತ್ತು. ಆ ಮನೆಯವರು ಇರಲಿಲ್ಲ. ಓಡಿಹೋದರೋ ಏನೋ ಯಾರೂ ಹೇಳಲಿಲ್ಲ, ಮಕ್ಕಳು ಕೇಳುವ ಹಾಗಿರಲಿಲ್ಲ. ಊರಿನ ಒಂದು ಹಾಳುಬಾವಿಯ ನೀರು ಆ ವರ್ಷ ಯಾರೂ ಸೇದಲಿಲ್ಲ ಅಂತ ಮಾತ್ರ ಆಯಿಗೆ ನೆನಪು. ಹಂಡೆ ಆ ಬೆಳಿಗ್ಗೆಯೇ ಅವರ ಹಿತ್ತಲಿನಲ್ಲಿತ್ತು.

"ಇಟ್ಕೊಳ್ರಿ ಅಂತ ಅವರೇ ಕೊಟ್ಟು ಹೋಗಿದ್ರೇನು?" ಅಂತ ಕೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು "ನಮ್ಮಪ್ಪ ಹಂಗ ಅಂತಿದ್ದ" ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಈಗ ಆಯಿ ಇಲ್ಲ.

ಅಕ್ಷರಗಳ ಫೋಟೋ ತೆಗೆದು ಉರ್ದು ಬಲ್ಲ ಗೆಳೆಯನಿಗೆ ತೋರಿಸಿದೆ. ಒಂದು ಹೆಣ್ಣಿನ ಹೆಸರು ಅಂತ ಹೇಳಿದ. ಬಹುಶಃ ಆ ಹುಡುಗಿಯ ತಾಯಿಯದ್ದಿರಬೇಕು, ಮದುವೆಯಲ್ಲಿ ತವರಿನವರು ಕೊಟ್ಟದ್ದು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತಾರೆ, ಎರಡೂ ಜನಾಂಗದಲ್ಲಿ. ಆ ಹೆಸರನ್ನ ಇಲ್ಲಿ ಬರೆಯೋದಿಲ್ಲ. ಅವರ ಕಡೆಯವರು ಎಲ್ಲಾದರೂ ಬದುಕಿದ್ದರೆ ಅದು ಅವರ ಹೆಸರು.

ನಮ್ಮ ಕಡೆ ವಿಮೋಚನಾ ದಿನ ಬಂದಾಗ ಮೊದಲನೇ ಕತೆ ಹೇಳುತ್ತಾರೆ. ಹೇಳಲೇಬೇಕು, ಗೋರಟಾದಲ್ಲಿ ಸತ್ತವರು ಕತೆಯಲ್ಲ. ಆ ಮೂರು ಜಿಲ್ಲೆಯ ಹೋರಾಟವನ್ನ ಮೈಸೂರು ಕಡೆಯ ಪಠ್ಯಪುಸ್ತಕಗಳು ಎಷ್ಟೋ ವರ್ಷ ಎರಡು ಸಾಲಲ್ಲಿ ಮುಗಿಸಿದವು ಅನ್ನೋ ಸಿಟ್ಟು ನನಗೂ ಇದೆ. 1956ರಲ್ಲಿ ಬೀದರ್ ಜಿಲ್ಲೆಯನ್ನ ಹರಿದು ಉದಗೀರ್, ನಿಲಂಗಾ ಮಹಾರಾಷ್ಟ್ರದ ಕಡೆಗೆ, ಜಹೀರಾಬಾದ್ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ ಅಂತ ಹಂಚಿದಾಗ ನೆನಪುಗಳೂ ಹಂಚಿ ಹೋದವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಒಳ್ಳೆಯ ಹೆಸರು, ಬಸವಣ್ಣನ ಊರಿನ ಹೆಸರು.

ಆದರೆ ಎರಡನೇ ಕತೆ ಹೇಳದಿದ್ದರೆ ಮೊದಲನೆಯದೂ ಪೂರ್ತಿ ಆಗೋದಿಲ್ಲ ಅಂತ ನನಗೀಗ ಅನ್ನಿಸುತ್ತೆ. ಹಗೇವಿನಲ್ಲಿ ಐದು ಮಕ್ಕಳು ಕೂತಿದ್ದರು. ನಾನು ಬಹುಮಾನ ತಗೊಂಡ ಕತೆಯಲ್ಲಿ ನಾಲ್ಕೇ ಇದ್ದರು, ಐದನೆಯದನ್ನ ಲೆಕ್ಕಕ್ಕೆ ಹಿಡಿದಿದ್ದೆನೇ ಹೊರತು ಯಾರೆಂದು ನೋಡಿರಲಿಲ್ಲ. ಇವತ್ತು ಆ ತಪ್ಪನ್ನ ತಿದ್ದಲಿಕ್ಕೆ ಈ ಬರಹ, ಅಷ್ಟೇ.

ಹಂಡೆ ಈಗಲೂ ಅಟ್ಟದ ಮೇಲಿದೆ. ಮಾರಲಿಲ್ಲ. ಯಾರಿಗೆ ಕೊಡಬೇಕು ಅಂತಲೂ ಗೊತ್ತಿಲ್ಲ. ದೀಪಾವಳಿಗೆ ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿಡುತ್ತೇವೆ, ನೀರು ತುಂಬುವುದಿಲ್ಲ.

ನಿಮ್ಮ ಮನೆಗಳಲ್ಲೂ ಹಿರಿಯರು ಒಂದೇ ಸಲ ಹೇಳಿ ಸುಮ್ಮನಾದ ಕತೆಗಳಿರಬಹುದು. ಅವರು ಇರುವಾಗಲೇ ಇನ್ನೊಂದು ಸಲ ಕೇಳಿಬಿಡಿ. ನಾನು ಕೇಳಲಿಲ್ಲ.